ಕತ್ತಲೆಯ ಹೊಳೆ ಬರೆದವರು

ಬಣ್ಣದ ಮನೆಯ ಮಾವಯ್ಯ ತೀರಿಕೊಂಡ ದಿನ ಮೈ ತೊಳೆಸಿದ ಗಂಡಸರು ಹೊರಗೆ ಬಂದು ಆಡಿದ ಮೊದಲ ಮಾತು, "ಕೈ ಬಣ್ಣ ಓಗ್ಲೇ ಇಲ್ಲ ಕಣ್ರಿ." ಸೀಗೆಪುಡಿ ಹಾಕಿ ಉಜ್ಜಿದರಂತೆ, ಹುಣಸೆಹಣ್ಣು ಹಾಕಿ ಉಜ್ಜಿದರಂತೆ. ಎಲ್ಲಿ ಹೋದೀತು? ನಲವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದ ಕೈ. ಉಗುರಿನ ಸಂದಿಯಲ್ಲಿ ಒಂದು ವಾರ ಕೆಂಪು, ಒಂದು ವಾರ ಹಸಿರು, ಬೆರಳ ಗೆರೆಗಳಲ್ಲಿ ಮಾತ್ರ ಯಾವಾಗಲೂ ನೀಲಿ. ನಾನು ಸುಲಭಕ್ಕೆ ಅಳುವವಳಲ್ಲ. ಅತ್ತೆಮನೆಯಲ್ಲಿ ನಾನು ಕಲಿತ ಮೊದಲ ವಿದ್ಯೆಯೇ ಅದು. ಆದರೆ ಆ ಮಾತು ಕೇಳಿ ಜಗಲಿಯ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ನಾನು ಯಳಂದೂರಿನವಳು. ಕೊಳ್ಳೇಗಾಲದ ರೇಷ್ಮೆ ನೇಯುವವರ ಮನೆಗೆ ಸೊಸೆಯಾಗಿ ಬಂದೆ. ಆ ಕಾಲಕ್ಕೆ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಕೊಯಮತ್ತೂರು ಸೀಮೆ. ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿಯಾದರೂ ನಮ್ಮ ಬೀದಿಯ ಹೆಂಗಸರಿಗೆ ನಾನು ಪರದೇಶಿ. ಈಗ ಕೊಳ್ಳೇಗಾಲವೂ ಮೈಸೂರಿಗೇ ಸೇರುತ್ತದೆ ಎನ್ನುತ್ತಿದ್ದಾರೆ. ಸೇರಲಿ, ಆಗಲಾದರೂ ನಾನು ಈ ಬೀದಿಯವಳಾದೇನು. ಪಕ್ಕದ ಮನೆಯೇ ಬಣ್ಣದ ಮನೆ. ಅದರ ಯಜಮಾನರನ್ನು ನಾನು ಮಾವಯ್ಯ ಎನ್ನುತ್ತಿದ್ದೆ. ಅವರು ನನ್ನನ್ನು ಕೊನೆಯವರೆಗೂ "ಯಳಂದೂರವ್ವ" ಎಂದೇ ಕರೆದರು.

ಬೀದಿಯ ಮಗ್ಗಗಳಿಗೆ ಹೋಗುವ ರೇಷ್ಮೆ ನೂಲಿನ ಲಡಿಗಳಿಗೆಲ್ಲ ಬಣ್ಣ ಅವರದೇ. ಹಿತ್ತಲಿನಲ್ಲಿ ಮೂರು ತಾಮ್ರದ ಕೊಪ್ಪರಿಗೆ, ಸದಾ ಹೊಗೆ. ಒದ್ದೆ ಲಡಿಯನ್ನು ಕೋಲಿಗೆ ಸಿಕ್ಕಿಸಿ ಉತ್ತರದ ಗೋಡೆಯ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡುವರು. ಆಗ ಯಾರೂ ಮಾತಾಡಿಸುವಂತಿಲ್ಲ. ನಮಗೆಲ್ಲ ಕಪ್ಪು ಅಂದರೆ ಕಪ್ಪು. ಅವರಿಗೆ ಅದರಲ್ಲೇ ಏಳು ಬಗೆ: ಕಾಗೆ ಕಪ್ಪು, ಎಮ್ಮೆ ಕಪ್ಪು, ನೇರಳೆ ಕಪ್ಪು, ಬಾಣಲೆ ಕಪ್ಪು, ಇನ್ನೂ ಏನೇನೋ. ಕಪ್ಪು ಬಣ್ಣದ ಪುಡಿಯನ್ನು ಅವರು ಮುಟ್ಟುತ್ತಿರಲಿಲ್ಲ. ನೀಲಿಯಲ್ಲಿ ಅದ್ದಿ, ಕೆಂಪಿನಲ್ಲಿ ಅದ್ದಿ, ಮತ್ತೆ ನೀಲಿಯಲ್ಲಿ ಅದ್ದಿ ಕಪ್ಪು ಬರಿಸುವರು. "ಡಬ್ಬಿ ಕಪ್ಪು ಸತ್ತೋದ ಕಪ್ಪು ಕಣವ್ವ" ಎನ್ನುವರು.

ಒಮ್ಮೆ ಸೇಲಂ ಕಡೆಯ ವ್ಯಾಪಾರಿಯೊಬ್ಬ ಕರಿಯ ಅಂಚಿನ ಹತ್ತು ಸೀರೆ ಹೇಳಿದ್ದ. ನಾನು ಲಡಿಗಳನ್ನು ರಾಟೆಗೆ ಸುತ್ತಿ ಮುಗಿಸಿದ್ದೆ, ನನ್ನ ಗಂಡ ಮಗ್ಗ ಹೂಡಿ ಒಂದು ಮೊಳ ನೇಯ್ದಿದ್ದರು. ಮಾವಯ್ಯ ಸುಣ್ಣದ ಡಬ್ಬಿ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಎರಡು ಕೊಪ್ಪರಿಗೇಲಿ ಅದ್ದಿದ್ ಕಪ್ಪ ಒಂದೇ ಅಂಚಿಗೆ ಕೂಡ್ಸಿದ್ದೀಯಲ್ಲಾ, ಬಿಚ್ಚು."

ನನ್ನ ಗಂಡನಿಗೆ ಕೋಪ ಬಂತು. "ಎಲ್ಲಿ ಮಾವಯ್ಯ? ಎಲ್ಲಾ ಒಂದೇ ಅದೆ."

"ಕಣ್ಣಿರೋರ್ಗೆಲ್ಲ ಕಾಣ್ತದೆ" ಎಂದು ಹೇಳಿ ಸುಣ್ಣ ತೆಗೆದುಕೊಂಡು ಹೋದರು.

ನಾವು ಅಂಚನ್ನು ಬಿಸಿಲಿಗೆ ಒಯ್ದೆವು, ನೆರಳಿಗೆ ಒಯ್ದೆವು, ಅತ್ತೆಯನ್ನು ಕರೆದು ತೋರಿಸಿದೆವು. ಯಾರಿಗೂ ಏನೂ ಕಾಣಲಿಲ್ಲ. ಬಿಚ್ಚದೆ ನೇಯ್ದು ಕಳಿಸಿದೆವು. ಎರಡು ತಿಂಗಳಿಗೆ, ಒಗೆದ ಮೇಲೆ ಅಂಚಿನ ನಡುವೆ ಪಟ್ಟಿ ಬಿದ್ದಿದೆ ಎಂದು ಮೂರು ಸೀರೆ ವಾಪಸ್ಸು ಬಂದವು. ಮಾವಯ್ಯ ನೋಡಿದರು, ನಕ್ಕರು, ಮತ್ತೆ ಅದೇ ಮಾತು ಹೇಳಿದರು. ಆ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ. ತಾವು ಕಂಡದ್ದು ಉಳಿದವರಿಗೆ ಕಾಣುವುದಿಲ್ಲ ಎಂದು ಅವರಿಗೆ ಅನ್ನಿಸುತ್ತಲೇ ಇರಲಿಲ್ಲ. ನಾವು ಸರಿಯಾಗಿ ನೋಡುವುದಿಲ್ಲ, ಸೋಮಾರಿಗಳು, ಅಷ್ಟೇ.

ಇಂಥ ಮನುಷ್ಯ ಹೊಳೆಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು. ಸತ್ತೇಗಾಲದಲ್ಲಿ ನೆಂಟರ ಮದುವೆಯಿದ್ದರೂ ಕಾವೇರಿಯ ಕಡೆ ಬೆನ್ನು ಹಾಕಿ ಕೂರುವರು. ಯಾಕೆಂದು ಅತ್ತೆಯನ್ನು ಕೇಳಿದೆ. ಅತ್ತೆ ದನಿ ತಗ್ಗಿಸಿ ಹೇಳಿದರು.

ಮಾವಯ್ಯನ ಹೆಂಡತಿ ಮೊದಲ ಬಾಣಂತನದಲ್ಲೇ ಹೋಗಿದ್ದರು. ಉಳಿದವನು ಒಬ್ಬ ತಮ್ಮ. ತಾಯಿಯಿಲ್ಲದ ಅವನನ್ನು ಮಗನ ಹಾಗೆ ಸಾಕಿದ್ದರು. ಅವನಿಗೆ ಹೆಣ್ಣು ಗೊತ್ತು ಮಾಡಿಕೊಂಡು ಬರಲು ಅಣ್ಣತಮ್ಮ ಇಬ್ಬರೂ ಹೊಳೆಯಾಚೆ ಹೋಗಿದ್ದರು. ಮಾತು ಮುಗಿಯುವ ಹೊತ್ತಿಗೆ ಕತ್ತಲಾಯಿತು. ಸತ್ತೇಗಾಲಕ್ಕೂ ಮೇಲೆ, ಆಳವಿರುವ ಕಡೆ, ತೆಪ್ಪದಲ್ಲಿ ದಾಟಬೇಕು. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ತೆಪ್ಪ. ಹುಟ್ಟು ಹಾಕುವ ಅಂಬಿಗ ಒಬ್ಬ, ಕೂತವರು ಇವರಿಬ್ಬರು. ಕೃಷ್ಣಪಕ್ಷದ ಅಷ್ಟಮಿ, ಚಂದ್ರ ಇನ್ನೂ ಹುಟ್ಟಿರಲಿಲ್ಲ. ಸಂಜೆಯಿಂದ ಹೊಳೆ ಮೊಳದಷ್ಟು ಏರಿತ್ತು. ನಡುಹೊಳೆಯಲ್ಲಿ ನೀರಿನಿಂದ ಬೆನ್ನು ಮಾತ್ರ ಎತ್ತಿದ ಒಂದು ಬಂಡೆ. ತೆಪ್ಪ ಅದಕ್ಕೆ ಹೊಡೆಯಿತು, ಮಗುಚಿತು. ಅಂಬಿಗ ಮಾವಯ್ಯನ ಜುಟ್ಟು ಹಿಡಿದು ದಡಕ್ಕೆ ತಂದ. ತಮ್ಮ ಮೂರು ದಿನದ ಮೇಲೆ ಕೆಳಗೆ ಸಿಕ್ಕಿದ.

ದಡದ ಹಳ್ಳಿಯಲ್ಲಿ ನ್ಯಾಯ ಸೇರಿತು. ಅಂಬಿಗ ಕೈಮುಗಿದು ಒಂದೇ ಮಾತು ಹೇಳಿದನಂತೆ, "ಕಾಣ್ನಿಲ್ಲ ಸ್ವಾಮಿ." ಹಳ್ಳಿಯ ಐವರು ಯಜಮಾನರು ಮಾವಯ್ಯನನ್ನು ಕೇಳಿದರು. ಮಾವಯ್ಯ ಹೇಳಿದರು: "ನಂಗೆ ಕಂಡಿತ್ತು. ಕಣ್ಣಿರೋರ್ಗೆಲ್ಲ ಕಾಣ್ತದೆ."

ಮಗನಂಥ ತಮ್ಮನನ್ನು ಕಳೆದುಕೊಂಡವರ ಮಾತು. ಬಣ್ಣದ ಕೆಲಸದವನಿಗೇ ಕಂಡ ಬಂಡೆ, ಹುಟ್ಟಿದಂದಿನಿಂದ ಹೊಳೆಯಲ್ಲಿರುವವನಿಗೆ ಕಾಣಲಿಲ್ಲ ಅಂದರೆ? ಕುಡಿದಿದ್ದ ಎಂದರು. ಇನ್ನು ಮುಂದೆ ಅವನು ಹುಟ್ಟು ಮುಟ್ಟಕೂಡದು, ಅವನ ತೆಪ್ಪಕ್ಕೆ ಯಾರೂ ಕಾಲಿಡಕೂಡದು ಎಂದು ತೀರ್ಮಾನವಾಯಿತು. ತೊಗಲು ಸುಲಿದು ತೆಪ್ಪ ಸುಟ್ಟರು. ಅವನು ಹನೂರಿನಲ್ಲಿ ಅಳಿಯನ ಮನೆ ಸೇರಿ, ತೆಪ್ಪ ಹೆಣೆಯುತ್ತಿದ್ದ ಕೈಯಲ್ಲಿ ಬುಟ್ಟಿ ಹೆಣೆಯುತ್ತಿದ್ದಾನೆ ಎಂದು ಅತ್ತೆ ಹೇಳಿದರು. "ಕುಡುದ್ನೋ ಬುಟ್ನೋ, ದ್ಯಾವ್ರಿಗೇ ಗೊತ್ತು" ಎಂದು ಮಾತು ಮುಗಿಸಿದರು.

ಇದೆಲ್ಲ ನಾನು ಬರುವುದಕ್ಕೆ ಹತ್ತು ವರ್ಷ ಹಿಂದಿನ ಸಂಗತಿ.

ನಮ್ಮ ಬೀದಿಯ ಭಜನೆ ಮನೆಯಲ್ಲಿ ಗೋಕುಲಾಷ್ಟಮಿಗೆ ಒಂದು ಪದ್ಧತಿ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೃಷ್ಣನ ಪುಟ್ಟ ವಿಗ್ರಹ. ಅದನ್ನು ಹೊತ್ತ ಒಬ್ಬರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಯಮುನೆ ದಾಟಿದಂತೆ ನಡೆಯಬೇಕು. ಹಿಂದೆ ಯಮುನೆಯ ಬದಲು ಯಾರದೋ ನೀಲಿ ಸೀರೆ ಕಟ್ಟುತ್ತಿದ್ದರು. ಒಂದು ವರ್ಷ ಆ ಸೀರೆಯ ಮೇಲೆ ನವಿಲುಗಳಿದ್ದವು, ಯಮುನೆಯ ತುಂಬ ನವಿಲು! ಹಿರಿಯರಿಗೆ ನಾಚಿಕೆಯಾಗಿ, ದೊಡ್ಡದೊಂದು ಬಟ್ಟೆಯ ಮೇಲೆ ಕತ್ತಲೆಯ ಹೊಳೆ ಬರೆಸೋಣ ಎಂದು ಮಾವಯ್ಯನ ಬಳಿಗೆ ಬಂದರು. ಮಾವಯ್ಯ ಕೊಪ್ಪರಿಗೆಯಿಂದ ತಲೆ ಎತ್ತದೆ ಆಗಲ್ಲ ಎಂದರು. ಯಾರ ಹತ್ತಿರ ಯಾವ ಮಾತು ಎತ್ತಿದೆವು ಎಂದು ಆಮೇಲೆ ಹೊಳೆದು ಬಂದವರೆಲ್ಲ ತಲೆ ತಗ್ಗಿಸಿ ಹೋದರು.

ಎಂಟು ದಿನ ಕಳೆದು ಮಾವಯ್ಯನೇ ನಮ್ಮ ಬಾಗಿಲಿಗೆ ಬಂದರು. "ಯಳಂದೂರವ್ವ, ಉಣಿಸೆಬೀಜ ಬೀಸ್ಕೊಡ್ತೀಯಾ? ಬಟ್ಟೆಗೆ ಗಂಜಿ ಆಕ್ಬೇಕು."

"ಬರೀತೀರಾ ಮಾವಯ್ಯ?"

"ಆ ನೀರ ಇನ್ನೊಂದ್ಸಲ ನೋಡ್ಬೇಕು ಅನ್ಸ್ತದೆ" ಎಂದರು. ಮುಖ ಆಚೆ ತಿರುಗಿಸಿದ್ದರು.

ಎರಡು ತಿಂಗಳು ಹಿಡಿಯಿತು. ಕೃಷ್ಣಪಕ್ಷ ಬಂತೆಂದರೆ ಬುತ್ತಿ ಕಟ್ಟಿಸಿಕೊಂಡು ಹೊಳೆಗೆ ಹೋಗಿ, ದಡದಲ್ಲಿ ಕೂತು ನೋಡಿ, ಬೆಳಗಿನ ಗಾಡಿಯಲ್ಲಿ ಬಂದು ಬರೆಯುವರು. ಮೊದಲ ಸಲ ಹೋಗಿ ಬಂದ ದಿನ ಊಟ ಮಾಡಲಿಲ್ಲ. ಬಟ್ಟೆಗೂ ಡಬ್ಬಿ ಕಪ್ಪು ಮುಟ್ಟಿಸಲಿಲ್ಲ. ನೀಲಿಯ ಮೇಲೆ ತೆಳು ಕೆಂಪು, ಅದು ಒಣಗಿದ ಮೇಲೆ ಹಸಿರಿನ ಒಂದು ಕೈ, ಮತ್ತೆ ನೀಲಿ. ನಾನು ಹುಣಸೆಬೀಜದ ಗಂಜಿ ಕಾಯಿಸಿ ಕೊಡುತ್ತಿದ್ದೆ. ರೇಷ್ಮೆ ಲಡಿಯನ್ನು ನೋಡುವ ಹಾಗೇ ಒಂದು ಕಣ್ಣು ಮುಚ್ಚಿ ಬಟ್ಟೆ ನೋಡುವರು. ಒಂದು ಜಾಗದ ಮೇಲೆ ಮಾತ್ರ ವಾರಗಟ್ಟಲೆ ಕೆಲಸ ಮಾಡಿದರು. ಅಲ್ಲಿ ಏನು ಬರೆಯುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ, ನೀರೇ ಇರಬೇಕು ಎಂದುಕೊಂಡೆ.

ಅಷ್ಟಮಿಯ ದಿನ ಭಜನೆ ಮನೆಯಲ್ಲಿ ಆ ಬಟ್ಟೆ ಕಟ್ಟಿದರು. ಇಡೀ ಗೋಡೆಯಗಲ. ಬಾಗಿಲಲ್ಲಿ ಗದ್ದಲ ಮಾಡುತ್ತ ಬಂದವರು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಅದನ್ನು ಹೇಗೆ ಹೇಳಲಿ? ಕೆಳಗೆ ದಡವೇ ಇರಲಿಲ್ಲ. ನಿಂತವರು ನೀರಿನ ಮೇಲೇ ನಿಂತಂತೆ. ಹತ್ತಿರದ ನೀರು ಭಾರ, ದೂರದ ನೀರು ಇನ್ನೂ ಭಾರ, ಆಚೆ ದಡ ಇದೆಯೋ ಇಲ್ಲವೋ ಎನ್ನುವಷ್ಟು ಮಸುಕು. ಚಿಕ್ಕೆಗಳ ಬೆಳಕು ಅಲ್ಲಲ್ಲಿ ಚೂರಾಗಿ ಬಿದ್ದಿತ್ತು. ಆ ಬೆಳಕಿನಿಂದ ಏನನ್ನೂ ಕಾಣಲಾಗದು, ಕತ್ತಲೆ ಎಷ್ಟಿದೆ ಎಂದು ತಿಳಿಯುತ್ತಿತ್ತು ಅಷ್ಟೆ. ಒಬ್ಬ ಅಜ್ಜಿ ತನಗೇ ಗೊತ್ತಿಲ್ಲದೆ ಸೀರೆಯ ನೆರಿಗೆಯನ್ನು ಗೇಣುದ್ದ ಮೇಲಕ್ಕೆತ್ತಿ ಹಿಡಿದಿದ್ದಳು. ನನಗೆ ಭಯವಾಯಿತು. ಇದು ಯಮುನೆಯಲ್ಲ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು.

"ಚಂದ್ರನ್ನ ಬರ್ದಿಲ್ವಲ್ಲಪ್ಪಾ?" ಎಂದು ಯಾರೋ ಕೇಳಿದರು.

"ಚಂದ್ರ ಇನ್ನೂ ಉಟ್ಟಿಲ್ಲ" ಎಂದರು ಮಾವಯ್ಯ.

ಅವರು ಬಟ್ಟೆಯ ಪಕ್ಕದಲ್ಲೇ ನಿಂತಿದ್ದರು. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರಲ್ಲಿ ಏನ್ ಕಾಣ್ತದೆ?" ನೀರು ಎಂದರು ಕೆಲವರು. ಚಿಕ್ಕೆ ಎಂದರು. ಒಬ್ಬರು ಭಕ್ತಿಯಿಂದ ಆದಿಶೇಷನೇ ಕಾಣುತ್ತಾನೆ ಎಂದರು. ಸಣ್ಣ ಕೆತ್ತನೆಯ ಅಕ್ಕಸಾಲಿ ಬಂದ, ಮಾವಯ್ಯನ ಮುಖ ಅರಳಿತು. ಅವನೂ ನೀರು ಎಂದ. ಮೊದಮೊದಲು ಅವರು ತುಂಟ ಮೇಷ್ಟರ ಹಾಗೆ ನಗುತ್ತಿದ್ದರು. ಹೊತ್ತು ಹೋದಂತೆ ನಗು ಹೋಯಿತು. ಬೆವರು ಒರೆಸಿಕೊಳ್ಳಲು ಶುರು ಮಾಡಿದರು. ಬುಟ್ಟಿ ಹೊತ್ತವರು ಹೊಳೆ ದಾಟಿದ್ದನ್ನೂ ಅವರು ನೋಡಲಿಲ್ಲ.

ಕೊನೆಗೆ ನನ್ನ ಕೈ ಹಿಡಿದು ಎಳೆದು ತಂದರು. "ನೀನು ಗಂಜಿ ಕಾಸ್ದೋಳು. ನೀನು ಯೋಳವ್ವ. ಬಂಡೆ ಕಾಣ್ತದಲ್ವಾ?"

ಬಂಡೆ! ಆಗ ಅತ್ತೆ ಹೇಳಿದ್ದ ಕಥೆಯೆಲ್ಲ ನೆನಪಾಯಿತು. ನಾನು ನೋಡಿದೆ. ಕಣ್ಣು ಕಿರಿದು ಮಾಡಿ ನೋಡಿದೆ. ನೀರಿತ್ತು, ಬರೀ ನೀರು. ಅವರ ಮುಖ ನೋಡಲಾಗದೆ ಸುಳ್ಳು ಹೇಳಿದೆ. "ಕಾಣ್ತದೆ ಮಾವಯ್ಯ."

"ಎಲ್ಲಿ?"

ಬೆರಳು ಚಾಚಿ ಒಂದು ಕಡೆ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡಿದರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಹಿಡಿದು, ಅಲ್ಲಿಂದ ಎರಡು ಮೊಳ ಆಚೆ ಇಟ್ಟರು. ವಾರಗಟ್ಟಲೆ ಕೆಲಸ ಮಾಡಿದ ಆ ಜಾಗ. ಅಲ್ಲೂ ನನಗೆ ನೀರೇ ಕಂಡಿತು.

"ಇಲ್ಲೂ ಕಾಣಲ್ವಾ?"

"ಇಲ್ಲ ಮಾವಯ್ಯ."

ಅವರು ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಕುಸಿದು ಕೂತರು. ಜನ ಸೆಕೆಯೆಂದು ಬೀಸಣಿಗೆ ತಂದರು, ಪಾನಕ ತಂದರು. ನಾನು ಸುಳ್ಳು ಹೇಳಿ ಅವರನ್ನು ನೋಯಿಸಿದೆನೋ, ನಿಜ ಹೇಳಿ ನೋಯಿಸಿದೆನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮಾರನೆಯ ಬೆಳಿಗ್ಗೆ ಬಟ್ಟೆ ಸುತ್ತಿ ಹೆಗಲಿಗೇರಿಸಿ, ಅಂಬಿಗನಿದ್ದ ಹನೂರಿಗೆ ಹೊರಟರು. ಒಬ್ಬರೇ ಹೋಗುವುದು ಬೇಡವೆಂದು ನನ್ನ ಗಂಡ ಹೊರಟರು. ನನ್ನ ಅಕ್ಕನ ಮನೆ ಹನೂರಿನಲ್ಲಿದೆ ಎಂಬ ನೆಪ ಹೇಳಿ ನಾನೂ ಹೊರಟೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು. ಪ್ರತಿ ದಿಣ್ಣೆಗೂ ನಿಂತು ಕೆಮ್ಮುತ್ತಿತ್ತು. ಮಾವಯ್ಯ ಬಟ್ಟೆಯ ಸುರುಳಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

ಅಂಬಿಗ ಅಳಿಯನ ಮನೆಯ ಮುಂದೆ ಬಿದಿರು ಸೀಳುತ್ತ ಕೂತಿದ್ದ. ತಲೆ ಪೂರ್ತಿ ನರೆತಿತ್ತು. ನೋಡಿದ ಕೂಡಲೇ ಗುರುತು ಹಿಡಿದು ಕತ್ತಿ ಕೆಳಗಿಟ್ಟು ಎದ್ದು ನಿಂತ. ಮಾವಯ್ಯ ಸುರುಳಿ ಬಿಚ್ಚಿದರು. ನಾನೂ ನನ್ನ ಗಂಡನೂ ಎರಡು ತುದಿ ಎತ್ತಿ ಮಣ್ಣಿನ ಗೋಡೆಗೆ ಒತ್ತಿ ಹಿಡಿದೆವು. ಹಗಲು ಹನ್ನೊಂದು ಗಂಟೆ, ಆದರೂ ಆ ಅಂಗಳದಲ್ಲಿ ರಾತ್ರಿಯಾದಂತಾಯಿತು.

ಅಂಬಿಗ ಬಹಳ ಹೊತ್ತು ನೋಡಿದ. ಆಚೆ ದಡದ ಮಸುಕನ್ನು ನೋಡಿದ, ಸೆಳೆತ ತಿರುಗುವ ಕಡೆ ಕೈಯಾಡಿಸಿದ.

"ಇದು ನಮ್ಮ ಒಳೆಯಲ್ವಾ ಸ್ವಾಮಿ. ನಾನು ದಾಟಿಸ್ತಿದ್ ಜಾಗ." ಮತ್ತೆ ನೋಡಿ ಹೇಳಿದ, "ಎಲ್ಲಾ ಅದೇ ಅದೆ. ಬಂಡೆ ಒಂದ ಬುಟ್ಬುಟ್ಟಿದ್ದೀರಿ."

ಮಾವಯ್ಯ ಅವನ ಕಾಲು ಹಿಡಿದುಬಿಟ್ಟರು.

"ಬುಟ್ಟಿಲ್ಲ ಕಣಪ್ಪಾ. ನಂಗೆ ಆವತ್ತು ಎಂಗೆ ಕಂಡ್ತೋ ಅಂಗೇ ಬರ್ದಿವ್ನಿ. ಊರಲ್ಲಿ ಒಬ್ಬರ ಕಣ್ಗೂ ಕಾಣ್ನಿಲ್ಲ. ನಿಂಗೂ ಕಾಣಲ್ಲ. ನೀನು ಆವತ್ತು ನಿಜ ಯೋಳ್ದೆ."

ಅಂಬಿಗ ಕಾಲು ಎಳೆದುಕೊಳ್ಳಲು ನೋಡಿದ. ಆಮೇಲೆ ಏನೋ ಹೊಳೆದವನಂತೆ ನಿಂತ.

"ಅಂಗಾರೆ ನಿಮ್ಗೆ ಮೊದ್ಲೇ ಕಂಡಿತ್ತಾ?"

"ಕಂಡಿತ್ತು."

"ಎಷ್ಟು ದೂರದಲ್ಲಿ?"

"ಹತ್ತು ಮಾರು."

"ಒಂದ್ ಮಾತು ಯೋಳ್ನಿಲ್ವಲ್ಲಾ ಸ್ವಾಮಿ."

ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಅವರಿಗೆ ಕೇಳಿರಲಿಲ್ಲ. ತಮ್ಮನನ್ನು ಕಳೆದುಕೊಂಡವರನ್ನು ಯಾರು ತಾನೇ ಕೇಳುತ್ತಾರೆ? ಮಾವಯ್ಯ ನೆಲ ನೋಡುತ್ತ ಹೇಳಿದರು: "ಅಂಬಿಗನಿಗೆ ಒಳೆ ತೋರ್ಸಾಕೆ ನಾನ್ಯಾರು ಅಂತ ಸುಮ್ಕಿದ್ದೆ. ನನ್ ಕೊಪ್ಪರಿಗೆ ತಾವ ಬಂದು ಯಾರಾನಾ ಬಣ್ಣ ಯೋಳ್ಕೊಟ್ರೆ ನಂಗೆ ಆಗಲ್ಲ. ನಿಂಗೂ ಕಂಡಿರ್ತದೆ ಅನ್ಕಂಡೆ. ಕಣ್ಣಿರೋರ್ಗೆಲ್ಲ…" ಎಂದವರು ಅಲ್ಲಿಗೇ ನಿಲ್ಲಿಸಿದರು. ಆ ಮಾತು ಮತ್ತೆಂದೂ ಅವರ ಬಾಯಲ್ಲಿ ಬರಲಿಲ್ಲ.

ಅಂಬಿಗನನ್ನೂ ನಮ್ಮನ್ನೂ ಕರೆದುಕೊಂಡು ಹೋಗಿ, ದಡದ ಹಳ್ಳಿಯ ಕಟ್ಟೆಯ ಮೇಲೆ, ಅದೇ ಯಜಮಾನರ ಮುಂದೆ, ಮಾವಯ್ಯ ಆ ಬಟ್ಟೆ ಕಟ್ಟಿಸಿದರು. "ಬಂಡೆ ತೋರ್ಸಿ" ಎಂದರು. ನಾಲ್ವರು ಕಣ್ಣುಜ್ಜಿ ನೋಡಿ ಹಿಂದೆ ಸರಿದರು. ಐದನೆಯವರಿಗೆ ಸೋಲಲು ಮನಸ್ಸಿಲ್ಲ. ನನ್ನ ಹಾಗೇ ತಪ್ಪು ಜಾಗ ತೋರಿಸಿದರು. ಮಾವಯ್ಯ ಸೀಮೆಸುಣ್ಣ ತೆಗೆದು ತಾವು ಬರೆದ ಬಂಡೆಯ ಸುತ್ತ ಗೆರೆ ಎಳೆದರು. ಎರಡು ತಿಂಗಳ ಕೆಲಸದ ಮೇಲೆ ಬಿಳಿ ಗೆರೆ! ನನ್ನ ಕೈ ತಡೆಯಲು ಹೋಗಿತ್ತು.

"ದೊಡ್ಡ ಮನಸ್ಸು ಮಾಡಿ ಕ್ಷಮಿಸ್ತಾವ್ರೆ" ಎಂದರು ಒಬ್ಬ ಯಜಮಾನರು.

"ಕ್ಷಮಿಸಾಕೆ ಬಂದಿಲ್ಲ ನಾನು" ಎಂದು ಮಾವಯ್ಯ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. "ಅವ್ನು ಕುಡ್ದಿರ್ನಿಲ್ಲ. ತಪ್ಪು ನಂದು. ಬರ್ಕಳಿ."

ಬರೆದುಕೊಳ್ಳುವವರು ಯಾರೂ ಇರಲಿಲ್ಲ, ಕೇಳಿಸಿಕೊಂಡರು. ಅಂಬಿಗನಿಗೆ ಹುಟ್ಟು ಹಿಂದಿರುಗಿಸುವುದೆಂದು ಮಾತಾಯಿತು. ಆದರೆ ಅಂಬಿಗ ಕೈ ಚಾಚಲಿಲ್ಲ. "ತೆಪ್ಪ ಎಣೀತೀನಿ" ಎಂದ. "ಮೊದಲ್ನೇ ದಾಟು ಅಷ್ಟಮಿ ಕತ್ಲಲ್ಲಿ. ಕೂರೋರು ಈ ಸ್ವಾಮಿ ಒಬ್ರೇ. ಈ ಸಲ ಬಾಯ್ ಮುಚ್ಕಂಡು ಕೂರಂಗಿಲ್ಲ."

ಮಾವಯ್ಯ ತಲೆಯಾಡಿಸಿದರು.

ಆ ಅಷ್ಟಮಿ ಬರುವಷ್ಟರಲ್ಲಿ ಅವರು ನಮ್ಮ ಮನೆಗೆ ಒಂದು ದಿನ ಬಂದು, ಕೊಪ್ಪರಿಗೆಗಳನ್ನು ಯಾರಿಗೆ ಕೊಡಬೇಕು, ಪೂಜೆಯ ದೀಪ ಯಾರು ಹಚ್ಚಬೇಕು ಎಂದೆಲ್ಲ ನನ್ನ ಗಂಡನಿಗೆ ಹೇಳಿ ಹೋದರು. ಹೋಗಬೇಡಿ ಮಾವಯ್ಯ ಎಂದೆ. "ಓಗ್ದೆ ಇದ್ರೆ ಅವ್ನ ತೆಪ್ಪಕ್ಕೆ ಇನ್ಯಾರು ಕಾಲಿಡ್ತಾರೆ?" ಎಂದರು.

ಅವರು ಆಮೇಲೆ ಹನ್ನೆರಡು ವರ್ಷ ಬದುಕಿದರು. ಲಡಿ ಕೊಡಲು ಬಂದವರಿಗೆ ಬಣ್ಣದ ವ್ಯತ್ಯಾಸವನ್ನು ಬೈಯದೆ, ನಗದೆ, ಬೆರಳಿಟ್ಟು ತೋರಿಸುವರು. ಕಾಣದಿದ್ದರೆ "ಪರವಾಗಿಲ್ಲ, ನಾನ್ ಯೋಳ್ತೀನಲ್ಲ" ಎನ್ನುವರು. ಬಟ್ಟೆ ಈಗಲೂ ಭಜನೆ ಮನೆಯಲ್ಲಿದೆ. ಸೀಮೆಸುಣ್ಣದ ಗೆರೆಯನ್ನು ಅವರು ಒರೆಸಲು ಬಿಡಲಿಲ್ಲ. ಹೊಸಬರು ಅದೇನು ನೀರಲ್ಲಿ ಬಿಳಿ ಉಂಗುರ ಎಂದು ಕೇಳುತ್ತಾರೆ. ಅದರೊಳಗಿನ ಬಂಡೆಯನ್ನು ನಾನು ಇವತ್ತಿಗೂ ಕಂಡಿಲ್ಲ.

ಆದರೆ ಅವರನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಬಟ್ಟೆಯ ಹೊಳೆಯಲ್ಲ, ಹೊಸ ತೆಪ್ಪದ ಮೊದಲ ದಾಟಿನ ಆ ಅಷ್ಟಮಿಯ ಹೊಳೆ. ದಡದಲ್ಲಿ ಊರೇ ನಿಂತಿತ್ತು. ದೀಪ ಬೇಡವೆಂದು ಅಂಬಿಗ ಹೇಳಿದ್ದ. ಮಾವಯ್ಯ ಪಂಚೆ ಎತ್ತಿ ಕಟ್ಟಿ, ತೆಪ್ಪದ ಅಂಚು ಹಿಡಿದು, ಒಂದು ಗಳಿಗೆ ತಡೆದು, ಒಳಗೆ ಕಾಲಿಟ್ಟರು. ನಾಲ್ಕು ಮಾರು ಹೋಗುವಷ್ಟರಲ್ಲಿ ಕಣ್ಣಿಗೆ ಮರೆಯಾದರು. ಆಮೇಲೆ ಹುಟ್ಟು ನೀರಿಗೆ ಬೀಳುವ ಸದ್ದೊಂದೇ. ಬಿತ್ತು, ಬಿತ್ತು, ನಿಂತಿತು. ನನ್ನ ಗಂಡ ನನ್ನ ಮುಂಗೈ ಬಿಗಿಯಾಗಿ ಹಿಡಿದರು. ನಾಲ್ಕು ಜನರ ಮುಂದೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆವು, ಯಾರಿಗೂ ಏನೂ ಕಾಣುತ್ತಿರಲಿಲ್ಲ.

ನಡುಹೊಳೆಯಿಂದ ಮಾವಯ್ಯನ ದನಿ ಬಂತು. ಒಡೆದ ದನಿ, ಆದರೆ ದೊಡ್ಡ ದನಿ.

"ಬಂಡೆ! ಮುಂದೆ ಬಂಡೆ ಅದೆ ಕಣಪ್ಪಾ! ಎಡಕ್ಕೆ ತಿರುಗ್ಸು!"

ಹುಟ್ಟು ಮತ್ತೆ ನೀರಿಗೆ ಬಿತ್ತು. ಕತ್ತಲೆಯೊಳಗಿನಿಂದ ಅಂಬಿಗ ಉತ್ತರ ಕೊಟ್ಟ.

"ಕೇಳುಸ್ತು ಸ್ವಾಮಿ."